ಪ್ರತಿಮೆಗೆ ಪ್ರತಿಮೆ, ನೆರೆಯವನಿಗೆ ಏನು?

ಬೆಂಗಳೂರಿನ ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಅವರ ಪ್ರತಿಮೆಯಿದೆ. ಚೆನ್ನೈನ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯಿದೆ. 2009ರ ಆಗಸ್ಟ್ 9ರಂದು ಮೊದಲನೆಯದು, 13ರಂದು ಎರಡನೆಯದು ಅನಾವರಣಗೊಂಡವು. ಅಂದಿನ ಮುಖ್ಯಮಂತ್ರಿಗಳಾದ ಕರುಣಾನಿಧಿ ಇಲ್ಲಿಗೆ ಬಂದರು, ಯಡಿಯೂರಪ್ಪ ಅಲ್ಲಿಗೆ ಹೋದರು. ಎರಡು ನಾಡುಗಳ ಸೌಹಾರ್ದದ ಸಂಕೇತವೆಂದು ಕೊಂಡಾಡಲಾಯಿತು. ನಾವೂ ಸಂತೋಷಪಟ್ಟೆವು. ಆದರೆ ಅಂದೇ ಕೇಳಬೇಕಾಗಿದ್ದ ಪ್ರಶ್ನೆಯೊಂದನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಬೆಂಗಳೂರಿನ ಪ್ರತಿಮೆ 1991ರಲ್ಲೇ ಸಿದ್ಧವಾಗಿತ್ತು. ವಿರೋಧ ಬಂತು, ಮುಸುಕು ಹಾಕಲಾಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಕಾವೇರಿಯ ಹೆಸರಿನಲ್ಲಿ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿಗಳಾದವು. ಕವಿ ಹದಿನೆಂಟು ವರ್ಷ ಮುಸುಕಿನೊಳಗೇ ನಿಂತರು. ಅದನ್ನು ತೆಗೆದದ್ದು ಯಾವಾಗ? ಚೆನ್ನೈನಲ್ಲಿ ಸರ್ವಜ್ಞನಿಗೆ ಜಾಗ ಗೊತ್ತಾದ ಮೇಲೆ. ನೀನು ನನ್ನವನನ್ನು ನಿಲ್ಲಿಸು, ನಾನು ನಿನ್ನವನನ್ನು ನಿಲ್ಲಿಸುತ್ತೇನೆ! ಸಂತೆಯಲ್ಲಿ ಇದಕ್ಕೆ ವ್ಯಾಪಾರ ಎನ್ನುತ್ತಾರೆ.

ವ್ಯಾಪಾರವೇ ಆಗಲಿ, ಜಗಳಕ್ಕಿಂತ ಮೇಲಲ್ಲವೇ ಎನ್ನಬಹುದು. ಒಪ್ಪೋಣ. ಆದರೆ ವ್ಯಾಪಾರ ಕುದುರಿಸಲು ಬೆನ್ನಿಗೊಂದು ಸರ್ಕಾರವಿಲ್ಲದವರ ಗತಿಯೇನು? ಆ ಪ್ರತಿಮೆ ಮುಸುಕಿನಲ್ಲಿದ್ದ ಕಾಲದಲ್ಲೇ, 1994ರ ಅಕ್ಟೋಬರ್‌ನಲ್ಲಿ, ಬೆಂಗಳೂರು ದೂರದರ್ಶನವು ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿತು. ಗಲಭೆಯೆದ್ದಿತು, 20ಕ್ಕೂ ಹೆಚ್ಚು ಜನ ಸತ್ತರು, ವಾರ್ತೆ ನಿಂತಿತು. ಮನೆಯಲ್ಲಿ ಅಮ್ಮಿಯೊಡನೆ ಉರ್ದು ಮಾತಾಡಿ, ಶಾಲೆಯಲ್ಲಿ ಮೇಷ್ಟರ ಬಳಿ ಕನ್ನಡ ಕಲಿಯುತ್ತಿದ್ದ ನಮಗೆ ಅಂದು ಒಂದು ಮಾತು ತಿಳಿಯಿತು. ತಮಿಳಿಗೆ ಚೆನ್ನೈ ಇದೆ. ಅದಲುಬದಲು ಮಾಡಿಕೊಳ್ಳಲು ಉರ್ದುವಿಗೆ ಯಾವ ಚೆನ್ನೈಯೂ ಇಲ್ಲ. ತುಳು, ಕೊಡವ, ಬ್ಯಾರಿ, ಲಂಬಾಣಿ ನುಡಿಗಳಿಗೂ ಇಲ್ಲ.

ಹೀಗಾಗಿ ನಾವು ತಕ್ಕಡಿಗೆ ಹಾಕುವುದು ನಮ್ಮ ಹಿರಿಯರನ್ನು. ಶಿಶುನಾಳ ಶರೀಫರನ್ನು ತೋರಿಸುತ್ತೇವೆ, ‘ನಿತ್ಯೋತ್ಸವ’ ಬರೆದ ನಿಸಾರ್ ಅಹಮದ್ ಅವರನ್ನು ತೋರಿಸುತ್ತೇವೆ, ನಾವೂ ಕನ್ನಡಿಗರೇ ಎಂಬುದಕ್ಕೆ ರಸೀದಿ ಬೇಡುತ್ತೇವೆ. 2025ರಲ್ಲಿ ಬಾನು ಮುಷ್ತಾಕ್ ಅವರು ಮೈಸೂರು ದಸರಾ ಉದ್ಘಾಟಿಸಬಾರದೆಂದು ಸುಪ್ರೀಂ ಕೋರ್ಟಿನವರೆಗೂ ಹೋದವರಿದ್ದಾರೆ. ಅರ್ಜಿ ವಜಾ ಆಯಿತು, ನಿಜ. ಆದರೆ ಕನ್ನಡಕ್ಕೆ ಬುಕರ್ ತಂದರೂ ಸಾಲದೆಂದರೆ ಇನ್ನೇನು ತಂದುಕೊಡಬೇಕು?

ನಮ್ಮ ತಪ್ಪೂ ಇದೆ. ವಿಗ್ರಹ ನಮ್ಮ ದೀನ್‌ಗೆ ಒಗ್ಗದು ಎಂದು ಪ್ರತಿಮೆಯ ವಿಚಾರದಿಂದಲೇ ದೂರ ನಿಂತೆವು. ಪ್ರತಿಮೆಗೆ ಕೈಮುಗಿಯುವುದು ಬೇರೆ, ನೆರೆಮನೆಯವನ ಕವಿಗೆ ಮುಸುಕು ಹಾಕಿದಾಗ ಇದು ಅನ್ಯಾಯ ಎನ್ನುವುದು ಬೇರೆ. 1991ರಲ್ಲಿ ನಮ್ಮಲ್ಲಿ ಎಷ್ಟು ಜನ ಬಾಯಿ ಬಿಟ್ಟರು? ಮೂರು ವರ್ಷ ಕಳೆಯುವುದರೊಳಗೆ ಸರದಿ ನಮ್ಮದಾಯಿತು.

2016ರ ಸೆಪ್ಟೆಂಬರ್‌ನಲ್ಲಿ ಕಾವೇರಿಗಾಗಿ ಬೆಂಗಳೂರು ಮತ್ತೆ ಹೊತ್ತಿತು. ತಮಿಳುನಾಡು ನೋಂದಣಿಯ ಬಸ್ಸು, ಲಾರಿಗಳು ಉರಿದವು. ಎರಡು ಊರುಗಳಲ್ಲೂ ಸೌಹಾರ್ದದ ಪ್ರತಿಮೆಗಳು ನಿಂತೇ ಇದ್ದವು. ಕಲ್ಲು, ಲೋಹಗಳನ್ನು ದೂರಿ ಫಲವಿಲ್ಲ. ನಾವು ಮಾಡಬೇಕಾದದ್ದನ್ನು ಅವುಗಳ ಹೆಗಲಿಗೆ ಹೊರಿಸಿ ಮನೆಗೆ ಹೋದೆವು. ಪ್ರತಿಫಲ ಬಯಸದೆ ಲೋಕಕ್ಕೆ ಉಪಕರಿಸುವುದನ್ನು ಕುರಿತು ತಿರುಕ್ಕುರಳಿನಲ್ಲಿ ಹತ್ತು ದ್ವಿಪದಿಗಳ ಒಂದು ಅಧ್ಯಾಯವೇ ಇದೆ. ಅದನ್ನು ಬರೆದವರನ್ನೇ ನಾವು ಪ್ರತಿಫಲ ಪಡೆದು ನಿಲ್ಲಿಸಿದ್ದೇವೆ!

ಏಕತೆಯ ಹೆಸರಿನಲ್ಲಿ ಟೋಪಿ, ಗಡ್ಡದ ಸಾಹೇಬರ ಪ್ರತಿಮೆಯೊಂದನ್ನು ಯಾವುದೋ ವೃತ್ತದಲ್ಲಿ ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ಉರ್ದು ಶಾಲೆಗೆ ಒಳ್ಳೆಯ ಕನ್ನಡ ಮೇಷ್ಟರನ್ನು ಕೊಡಿ. ತಿರುಕ್ಕುರಳಿನ ಕನ್ನಡ ಅನುವಾದವನ್ನು ನಮ್ಮ ಮಕ್ಕಳ ಕೈಗೆ ಕೊಡಿ. ನಮ್ಮ ಹೆಸರು ಕೇಳಿದ ಕೂಡಲೇ ಬಾಡಿಗೆ ಮನೆ ಖಾಲಿಯಿಲ್ಲ ಎನ್ನಬೇಡಿ. ಇದಕ್ಕೆ ಬದಲಾಗಿ ನೀವೇನು ಕೊಡುತ್ತೀರಿ ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಒಂದೇ: ಏನೂ ಇಲ್ಲ. ನಾವು ಇಲ್ಲಿಯವರು.