ಗಾಡಿ ತಡವರಿಸಿದರೆ ಯಾರನ್ನು ಕೇಳಬೇಕು?

"ಅಕ್ಕೋರ, ಇದು ನಿಮಗ ತಿಳಿಯೂದಿಲ್ರಿ. ಸರ್ ಗೆ ಬರಾಕ ಹೇಳ್ರಿ, ಅವರ ಕೂಡ ಮಾತಾಡ್ತೀನಿ."

ನವನಗರದ ಗ್ಯಾರೇಜೊಂದರಲ್ಲಿ ಈ ಮಾತು ಕೇಳಿದಾಗ ಗಾಡಿಯ ಕೀಲಿ ನನ್ನ ಕೈಯಲ್ಲೇ ಇತ್ತು. ನಮ್ಮ ಮನೆಯವರು ಕಣ್ಣಿನ ತೊಂದರೆಯಿಂದ ಸ್ಟಿಯರಿಂಗ್ ಬಿಟ್ಟು ಆರು ವರ್ಷವಾಗಿತ್ತು. ಪಕ್ಕದ ಸೀಟಿನಲ್ಲಿ ಕೂತು ನಿದ್ದೆ ಹೋಗುವವರನ್ನು ಕರೆಸಿ ಗಾಡಿಯ ರೋಗ ಕೇಳುತ್ತಾರಂತೆ!

ನಮ್ಮದು 1999ರ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, ಆಮೇಲೆ ಓಮ್ನಿ ಎನಿಸಿಕೊಂಡು, 2019ರಲ್ಲಿ ತಯಾರಿಕೆ ನಿಂತುಹೋದ ಅದೇ ಡಬ್ಬಿ ಗಾಡಿ. ಹಳೆಯದನ್ನು ಮಾರಬಾರದೇ ಎನ್ನುವವರಿಗೆ ನನ್ನ ಉತ್ತರ ಒಂದೇ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳನ್ನು ಬಿಟ್ಟುಕೊಟ್ಟು ಸೆಕ್ಟರುಗಳಿಗೆ ಬಂದವರು ನಾವು. ಮೊದಲು ನಾಲ್ಕು ಹೆಜ್ಜೆಯಲ್ಲಿದ್ದ ತವರು, ಪೇಟೆ, ಗುಡಿ ಎಲ್ಲಕ್ಕೂ ಈಗ ಗಾಡಿ ಬೇಕು. ಏಳು ಜನ ಒತ್ತಿಕೊಂಡು ಕೂಡುವಷ್ಟು ಜಾಗ ನಮ್ಮ ಪಗಾರದಲ್ಲಿ ಬೇರೆಲ್ಲಿ ಸಿಕ್ಕೀತು?

ಆ ವರ್ಷ ಗಾಡಿ ತಡವರಿಸಲು ಶುರುಮಾಡಿತು. ಊರೊಳಗೆ ಏನೂ ಇಲ್ಲ. ಇಳಕಲ್ಲಿಗೆ ಸೀರೆ ತರಲು ಹೊರಟರೆ ಶಿರೂರು ದಾಟುವವರೆಗೂ ಚೆನ್ನಾಗಿಯೇ ಓಡಿ, ಕಮತಗಿ ಸಮೀಪಿಸುತ್ತಲೇ ಜಗ್ಗಲು ಹಿಡಿಯುತ್ತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಸೋಲುತ್ತಿತ್ತು. ಬದಿಗೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಹೊರಟರೆ ಏನೂ ಆಗಿಲ್ಲವೆಂಬಂತೆ ಓಟ.

ಇದಿಷ್ಟನ್ನೂ ಹೇಳಬೇಕೆಂದೇ ನಾನು ಗ್ಯಾರೇಜಿಗೆ ಹೋದದ್ದು. ಅವರು ಕೇಳಲಿಲ್ಲ. ಮೊದಲ ಸಲ ಮೂರೂ ಪ್ಲಗ್ಗು ಬದಲಾಯಿಸಿದರು. ಎರಡನೆಯ ಸಲ ಪಾಯಿಂಟು, ವೈರು. ಮೂರನೆಯ ಸಲ ಕಾರ್ಬೊರೇಟರ್ ಬಿಚ್ಚಿ ತೊಳೆದು ಕಿಟ್ ಹಾಕಿದರು. ಪ್ರತಿ ಸಲವೂ ಗಲ್ಲಿ ಸುತ್ತಿಸಿ "ಪಿಕಪ್ ಬಂತು ನೋಡ್ರಿ" ಎಂದರು. ಗಲ್ಲಿಯಲ್ಲಿ ಅದಕ್ಕೆ ಪಿಕಪ್ ಎಂದು ಇರಲಿಲ್ಲ? ಮೂರು ಬಿಲ್ಲು ಕೂಡಿಸಿದರೆ 6,400 ರೂಪಾಯಿ. ಕಮತಗಿ ಬಂದ ಕೂಡಲೇ ಜಗ್ಗುವುದು ಮಾತ್ರ ತಪ್ಪಲಿಲ್ಲ.

ಇದಕ್ಕೆ ರಿಪೇರಿ ಎಂದು ಹೆಸರೇ? ಇದು ಊಹೆ, ಅದೂ ನಮ್ಮ ದುಡ್ಡಿನಲ್ಲಿ. ಓದುವಾಗ ತಡವರಿಸುವ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಯಾವಾಗ ತಡವರಿಸುತ್ತಾಳೆಂದು ನೋಡಿದರೆ, ಕರಿಹಲಗೆ ಓದುವಾಗ ಮಾತ್ರ, ಪುಸ್ತಕ ಓದುವಾಗಲ್ಲ. ಅವಳಿಗೆ ಬೇಕಾಗಿದ್ದದ್ದು ಚಾಳೀಸು. "ಯಾವಾಗ" ಎಂದು ಕೇಳದೆ ಇದ್ದಿದ್ದರೆ ದಡ್ಡಿ ಎಂದು ಹಿಂದಿನ ಬೆಂಚಿಗೆ ಕೂರಿಸುತ್ತಿದ್ದೆವು.

ಎಂಜಿನ್ನಿಗೂ ಅದೇ ಪ್ರಶ್ನೆ. ಕಡೆಗೆ ಅದನ್ನು ಕೇಳಿದವರು ಅಮೀನಗಡದ ರಸ್ತೆ ಬದಿಯ ಒಬ್ಬ ವಯಸ್ಸಾದ ಮೇಸ್ತ್ರಿ. "ಯಾವಾಗ ಆಗ್ತೈತ್ರಿ ಅಕ್ಕಾರ? ನಿಂತಾಗ ನಡಗತೈತೇನ್ರಿ? ಹೊಂಡುವಾಗೋ, ಓಡುವಾಗೋ?" ನಾನು ಹೇಳುತ್ತ ಹೋದೆ, ಅವರು ತಲೆದೂಗುತ್ತ ಕೇಳಿದರು. ನಿಂತಲ್ಲೇ ನಡುಗಿದರೆ ಮೂರು ಸಿಲಿಂಡರಿನಲ್ಲಿ ಒಂದಕ್ಕೆ ಕಿಡಿ ಸರಿಯಾಗಿ ಸಿಗುತ್ತಿಲ್ಲ, ಪ್ಲಗ್ಗು ನೋಡಬೇಕು. ನಿಂತಲ್ಲಿಂದ ಹೊರಡುವ ಗಳಿಗೆಯಲ್ಲಿ ಮುಗ್ಗರಿಸಿದರೆ, ಆಕ್ಸಿಲರೇಟರ್ ಒತ್ತಿದಾಗ ಚೂರು ಹೆಚ್ಚು ಪೆಟ್ರೋಲ್ ಚಿಮ್ಮಿಸುವ ಕಾರ್ಬೊರೇಟರಿನ ಪುಟ್ಟ ಪಂಪು ನೋಡಬೇಕು. ದೂರ ಓಡಿದ ಮೇಲೆ ಸೋತು, ನಿಲ್ಲಿಸಿದರೆ ಸುಧಾರಿಸಿಕೊಂಡರೆ, ಪೆಟ್ರೋಲ್ ಬೇಕಾದಷ್ಟು ಬರುತ್ತಿಲ್ಲ. ಮೊದಲು ನೋಡಬೇಕಾದ್ದು ಫಿಲ್ಟರ್.

ಅದನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಕೊಡವಿದರು. ಹಳೆ ಟ್ಯಾಂಕಿನ ತುಕ್ಕು, ಕಂದು ಪುಡಿ. ಚಹಾದ ಜಾಲರಿಯಲ್ಲಿ ಪುಡಿ ಕಟ್ಟಿಕೊಂಡಾಗ ನಿಧಾನವಾಗಿ ಸುರಿದರೆ ಸೋಸುತ್ತದೆ, ಒಮ್ಮೆಲೇ ಸುರಿದರೆ ಮೇಲೆಯೇ ನಿಲ್ಲುತ್ತದಲ್ಲ, ಹಾಗೆ. ಊರೊಳಗಿನ ನಿಧಾನದ ಓಟಕ್ಕೆ ಸಾಲುವಷ್ಟು ಪೆಟ್ರೋಲ್ ಹೆದ್ದಾರಿಗೆ ಸಾಲುತ್ತಿರಲಿಲ್ಲ. ಗಾಡಿ ನಿಂತಾಗ ಕಾರ್ಬೊರೇಟರಿನ ಬಟ್ಟಲು ಮತ್ತೆ ತುಂಬುತ್ತಿತ್ತು. ಹೊಸ ಫಿಲ್ಟರಿಗೆ ನೂರೈವತ್ತು ರೂಪಾಯಿಯೂ ಆಗಲಿಲ್ಲ. ಟ್ಯಾಂಕು ಇಳಿಸಿ ತೊಳೆಸಿರೆಂದೂ ಹೇಳಿದರು, ತೊಳೆಸಿದೆ.

ಮೆಕ್ಯಾನಿಕ್ಕುಗಳೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಬಾಗಿಲಲ್ಲಿ ಹತ್ತು ಗಾಡಿ ನಿಂತಿರುವಾಗ ಕೇಳಿಸಿಕೊಳ್ಳುವ ವ್ಯವಧಾನ ಕಡಿಮೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಅದೇ ಗ್ಯಾರೇಜಿನಲ್ಲಿ ಗಂಡಸರೊಬ್ಬರು ಬಂದು "ಮಿಸ್ಸಿಂಗ್ ಐತಿ" ಎಂದಾಗ ಕುರ್ಚಿ ಕೊಟ್ಟು ವಿಚಾರಿಸಿದ್ದನ್ನು ನಾನೇ ನೋಡಿದ್ದೇನೆ. ವ್ಯವಧಾನ ಇತ್ತು, ನಮಗಿರಲಿಲ್ಲ ಅಷ್ಟೆ.

ನಮ್ಮದೂ ತಪ್ಪಿದೆ. "ಯಾಕೋ ಗಾಡಿ ಸರಿ ಇಲ್ರಿ" ಎಂದು ಕೀಲಿ ಕೊಟ್ಟು ಬಂದುಬಿಡುತ್ತೇವೆ. ಮಗುವಿಗೆ ಜ್ವರ ಬಂದರೆ ಎಷ್ಟೊತ್ತಿಗೆ ಏರಿತು, ಏನು ತಿಂದಿತ್ತು ಎಂದು ಡಾಕ್ಟರ ಮುಂದೆ ಒಪ್ಪಿಸುವ ನಾವೇ, ಇಲ್ಲಿ ಮೂಕರಾಗುವುದೇಕೆ? ಈಗಿನ ಗಾಡಿಗಳಲ್ಲಿ ಕಂಪ್ಯೂಟರ್ ಹಚ್ಚಿ ದೋಷ ನೋಡುತ್ತಾರೆ. ನಮ್ಮ ಹಳೆ ಓಮ್ನಿಗೆ ಆ ಕಂಪ್ಯೂಟರ್ ಓಡಿಸುವ ಹೆಂಗಸೇ. ಏನು ಬದಲಾಯಿಸುತ್ತೀರಿ, ಯಾಕೆ ಎಂದು ಹೇಳದೆ ಬಿಲ್ಲು ಬರೆದರೆ ನಾನೀಗ ದುಡ್ಡು ಕೊಡುವುದಿಲ್ಲ. ತೆಗೆದ ಸಾಮಾನನ್ನೂ ಕೇಳಿ ತೆಗೆದುಕೊಂಡು ಬರುತ್ತೇನೆ.

ಗಾಡಿಯಲ್ಲಿ ನಲವತ್ತು ಪುಟದ ನೋಟ್‌ಬುಕ್ಕೊಂದನ್ನು ಇಟ್ಟಿದ್ದೇನೆ. ಹೋದ ವಾರ ಬರೆದದ್ದು: "ಸೋಮವಾರ, ಬೆಳಿಗ್ಗೆ ಆರೂವರೆ, ಥಂಡಿ. ಹೊರಡುವಾಗ ಎರಡು ಸಲ ಮುಗ್ಗರಿಸಿತು. ಬಿಸಿಯಾದ ಮೇಲೆ ಇಲ್ಲ. ಚೋಕ್ ನೋಡಿಸಬೇಕು."