ಕಟ್ಟುವ ಮೊದಲು ಕೇಳುವವರ ಪಾಡು

ಮಳವಳ್ಳಿ ಪೇಟೆಯ ಹಳೆಯ ಬೀದಿಗಳಲ್ಲಿ ಅಪ್ಪನ ಒಂದು ಮನೆ ಮೂವರು ಅಣ್ಣತಮ್ಮಂದಿರಿಗೆ ಪಾಲಾದರೆ ಒಬ್ಬೊಬ್ಬರಿಗೆ ಸಿಗುವುದು ಹತ್ತು ಹನ್ನೆರಡು ಅಡಿ ಅಗಲದ ಜಾಗ. ಎರಡೂ ಪಕ್ಕ ಸೆಟ್‌ಬ್ಯಾಕ್, ಅಂದರೆ ನಿಯಮದಂತೆ ಖಾಲಿ ಜಾಗ, ಬಿಟ್ಟು ಕಟ್ಟಿಕೊಳ್ಳಿ ಎಂದರೆ ಅಲ್ಲಿ ಉಳಿಯುವುದು ಓಣಿ, ಮನೆಯಲ್ಲ. ಇಂಥವರು ನಿಯಮದಲ್ಲಿ ಒಂದಿಷ್ಟು ಸಡಿಲಿಕೆ ಕೇಳುವುದು ನ್ಯಾಯ. ಆದರೆ ಯಾರ ಮುಂದೆ ಕೇಳಬೇಕು?

ಅಮೆರಿಕದ ಸಣ್ಣ ಊರುಗಳಲ್ಲೂ ಇದಕ್ಕೆಂದೇ ಮಂಡಳಿಗಳಿವೆ. ನ್ಯೂಯಾರ್ಕ್ ನಗರ 1916ರಲ್ಲಿ ಎಲ್ಲಿ ಏನು ಕಟ್ಟಬಹುದೆಂಬ ವಲಯ ನಿಯಮ ತಂದಾಗ ಜೊತೆಯಲ್ಲೇ ಮೇಲ್ಮನವಿ ಮಂಡಳಿಯನ್ನೂ ಮಾಡಿತು. ಅರ್ಜಿ ಹಾಕಿದವರು ತಮ್ಮ ಜಾಗದ ತೊಡಕು ಏನೆಂದು ತೋರಿಸಬೇಕು. ಹೆಚ್ಚು ಬಾಡಿಗೆ ಬರುತ್ತದೆ ಎಂಬುದೊಂದೇ ಕಾರಣ ಸಾಲದು. ನೆರೆಯವರಿಗೆ ನೋಟಿಸು ಹೋಗುತ್ತದೆ, ವಿಚಾರಣೆ ಎಲ್ಲರೆದುರು ನಡೆಯುತ್ತದೆ.

ನಮ್ಮ ಕಾನೂನಿನಲ್ಲೂ ನೆರೆಯವರಿಗೆ ಜಾಗವಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಕಲಂ ಪ್ರಕಾರ, ಮಾಸ್ಟರ್ ಪ್ಲಾನ್ ಗುರುತಿಸಿದ ಭೂಬಳಕೆಯನ್ನು ಬದಲಿಸಬೇಕಾದರೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಕಾಯಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿಯೇ ಆಗಿರಬೇಕು. ಆದರೆ ಪತ್ರಿಕೆಯ ಮೂಲೆಯ ಆ ಸಣ್ಣ ಅಕ್ಷರಗಳನ್ನು ಪಕ್ಕದ ಮನೆಯವರು ಓದುವುದೆಲ್ಲಿ ಬಂತು? ಬೀದಿಯಲ್ಲಿ ವೆಲ್ಡಿಂಗ್ ಶಾಪ್ ಶುರುವಾದ ಮೇಲೆಯೇ ಅವರಿಗೆ ವಿಷಯ ತಿಳಿಯುವುದು.

ಸೆಟ್‌ಬ್ಯಾಕ್ ವಿಷಯದಲ್ಲಂತೂ ಜನ ಕೇಳುವುದನ್ನೇ ಬಿಟ್ಟಿದ್ದಾರೆ. ಮೊದಲು ಕಟ್ಟೋಣ, ಆಮೇಲೆ ಸಕ್ರಮ ಮಾಡಿಸಿಕೊಳ್ಳೋಣ ಎನ್ನುತ್ತಾರೆ. ಹಾಗೆ ಹೇಳಿಕೊಟ್ಟದ್ದು ಸರ್ಕಾರವೇ. ಅಕ್ರಮ-ಸಕ್ರಮ ಯೋಜನೆ ವಾಸದ ಮನೆಗಳಿಗೆ ಶೇ 50, ವಾಣಿಜ್ಯ ಕಟ್ಟಡಗಳಿಗೆ ಶೇ 25ರವರೆಗಿನ ಉಲ್ಲಂಘನೆಯನ್ನು ಶುಲ್ಕ ಕಟ್ಟಿಸಿಕೊಂಡು ಒಪ್ಪಲು ಹೊರಟಿತ್ತು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮರು ತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಷ್ಟರಲ್ಲಿ ನಿಯಮ ಮೀರಿದರೂ ನಡೆಯುತ್ತದೆ ಎಂಬ ಧೈರ್ಯ ಊರೂರಿಗೂ ಮುಟ್ಟಿಯಾಗಿತ್ತು. ಮೊದಲೇ ಅರ್ಜಿ ಹಿಡಿದು ಪುರಸಭೆಗೆ ಹೋದವರು ಟೇಬಲ್‌ನಿಂದ ಟೇಬಲ್‌ಗೆ ಅಲೆಯುತ್ತಿರುವಾಗ, ಯಾರನ್ನೂ ಕೇಳದವರು ಎರಡನೇ ಅಂತಸ್ತಿಗೆ ಮೋಲ್ಡ್ ಹಾಕಿ ಮುಗಿಸಿರುತ್ತಾರೆ.

ಈಗ ಕಾಲ ಬಿಗಿಯಾಗಿದೆ. ಸ್ವಾಧೀನಾನುಭವ ಪ್ರಮಾಣಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಹೇಳಿತು. ಶಿವನಸಮುದ್ರದ ವಿದ್ಯುದಾಗಾರ ನಮ್ಮ ತಾಲ್ಲೂಕಿನದು, 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟದ್ದು. ಅದೇ ತಾಲ್ಲೂಕಿನಲ್ಲಿ ಸಾಲ ಮಾಡಿ ಸೂರು ಕಟ್ಟಿಕೊಂಡವರು ಒಂದು ಮೀಟರಿಗಾಗಿ ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಯ ಮೆಟ್ಟಿಲು ಹತ್ತಿಳಿಯಬೇಕಾಗಿ ಬಂದರೆ ಹೊಟ್ಟೆ ಉರಿಯುತ್ತದೆ.

ಹನ್ನೆರಡು ಅಡಿಯ ಪಾಲಿನಲ್ಲಿ ಸೂರು ಬೇಕೆನ್ನುವವರನ್ನೂ, ಬಾಡಿಗೆ ಮನೆಗಳಿಗಾಗಿ ಬೀದಿಯನ್ನೇ ನುಂಗುವವರನ್ನೂ ಒಂದೇ ಶುಲ್ಕದ ಪಟ್ಟಿಯಲ್ಲಿ ಕೂರಿಸುವುದು ತಪ್ಪು. ಸಡಿಲಿಕೆಯ ಅರ್ಜಿ ಬಂದರೆ ಪುರಸಭೆ ಆ ಜಾಗದ ಮುಂದೆಯೇ ಬೋರ್ಡು ಹಾಕಿಸಲಿ. ಎಡಬಲದ ಮತ್ತು ಹಿಂದಿನ ಮನೆಯವರಿಗೆ ನೋಟಿಸು ಕೊಡಲಿ, ದಿನ ಗೊತ್ತುಮಾಡಿ ಎಲ್ಲರನ್ನೂ ಕೂರಿಸಿ ಕೇಳಲಿ. ಅದಕ್ಕೆ ಅಧಿಕಾರ ಸಾಲದಿದ್ದರೆ ಸರ್ಕಾರ ಉಪವಿಧಿ ತಿದ್ದಿ ಕೊಡಲಿ. ಗಾಳಿ ಬೆಳಕು ಕಳೆದುಕೊಳ್ಳುವವರು ಪಕ್ಕದವರು. ಅವರ ಮಾತು ಕಡತದಲ್ಲಿ ದಾಖಲಾಗುವವರೆಗೆ ಮುಖ್ಯಾಧಿಕಾರಿ ಪ್ಲಾನಿಗೆ ಸಹಿ ಹಾಕಬಾರದು.