ವಿದ್ಯಾರ್ಥಿಗಳ ಕೈಯ ಕ್ಯಾಮರಾ

ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಶೈಕ್ಷಣಿಕ ಪ್ರವಾಸ ಹೋಗಿಬಂದ ಮಕ್ಕಳನ್ನು ಅಲ್ಲಿ ಕಂಡದ್ದೇನೆಂದು ಕೇಳಿದರೆ, ಬಹುಮಂದಿ ಮೊದಲು ಹೇಳುವುದು ತಲೆಕೆಳಗಾದ ಗೋಪುರದ ನೆರಳನ್ನು. ಒಂಬತ್ತು ಅಂತಸ್ತುಗಳ ಮಹಾಗೋಪುರವು ಒಂದು ಕಿರುರಂಧ್ರದ ಮೂಲಕ ಕತ್ತಲೆಯ ಕೋಣೆಯ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದನ್ನು ಮಾರ್ಗದರ್ಶಿಗಳು ಪವಾಡವೆಂಬಂತೆ ಬಣ್ಣಿಸುವುದುಂಟು. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆಂಬ ಪಾಠವನ್ನು ಆ ಮಕ್ಕಳು ಅದಾಗಲೇ ಬಾಯಿಪಾಠ ಮಾಡಿ ಅಂಕವನ್ನೂ ಪಡೆದಿರುತ್ತಾರೆ. ಆದರೂ ಆ ಗೋಡೆಯ ಮುಂದೆ ನಿಂತಾಗ ಪಾಠ ನೆನಪಿಗೆ ಬಾರದು. ವಿದ್ಯೆ ಒಂದು ಕಡೆ, ವಿಸ್ಮಯ ಇನ್ನೊಂದು ಕಡೆ ಉಳಿದುಬಿಡುತ್ತದೆ.

ಇವೆರಡನ್ನೂ ಕೂಡಿಸಲು ಹಾಲಿನಪುಡಿಯ ಒಂದು ಖಾಲಿ ಡಬ್ಬಿ ಸಾಕು. ಒಳಗೆ ಕಪ್ಪು ಬಳಿದು, ಪಕ್ಕದಲ್ಲಿ ಕೊರೆದ ಕಿಂಡಿಗೆ ಸೂಜಿಮೊನೆಯಿಂದ ತೂತುಮಾಡಿದ ತೆಳುತಗಡನ್ನು ಅಂಟಿಸಿ, ಎದುರು ಬದಿಗೆ ಛಾಯಾಚಿತ್ರದ ಕಾಗದವನ್ನು ಕತ್ತಲೆಯಲ್ಲಿ ಇರಿಸಿದರೆ ಕ್ಯಾಮರಾ ಸಿದ್ಧವಾಯಿತು. ಬಿಸಿಲಿನಲ್ಲಿ ಒಂದೆರಡು ನಿಮಿಷ ತೂತನ್ನು ತೆರೆದಿಟ್ಟು ಮುಚ್ಚಿ, ಕೆಂಪು ದೀಪದಡಿ ಆ ಕಾಗದವನ್ನು ದ್ರಾವಣದಲ್ಲಿ ಅದ್ದಿದಾಗ, ಬೋಳು ಕಾಗದದ ಮೇಲೆ ಶಾಲೆಯ ಕಟ್ಟಡ ಮೆಲ್ಲಮೆಲ್ಲನೆ ಮೂಡುವುದನ್ನು ಕಂಡ ಹುಡುಗನಿಗೆ ಪಾಠವನ್ನು ಮತ್ತೆ ಹೇಳಬೇಕಾಗಿಲ್ಲ. ಅಲ್ಲಿ ಬಿಳಿಯ ಗೋಡೆ ಕಪ್ಪಾಗಿಯೂ ಮರದ ನೆರಳು ಬೆಳ್ಳಗಾಗಿಯೂ ಕಾಣುತ್ತದೆ. ಪಾಶ್ಚಾತ್ಯರು ಈ ಕಲೆಗೆ ‘ಬೆಳಕಿನ ಬರಹ’ವೆಂಬ ಅರ್ಥದ ಹೆಸರಿಟ್ಟರು, ಕನ್ನಡದಲ್ಲಿ ಅದು ‘ಛಾಯಾಚಿತ್ರ’, ಎಂದರೆ ನೆರಳಿನ ಚಿತ್ರ. ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ಹೆಸರುಗಳೂ ಯಥಾರ್ಥವೆಂಬುದನ್ನು ಆ ಒದ್ದೆ ಕಾಗದವೇ ತೋರಿಸಿಕೊಡುತ್ತದೆ. ಭಾಷಾಧ್ಯಾಪಕರಿಗೂ ಅಲ್ಲಿ ಪಾಠದ ಸಾಮಗ್ರಿಯುಂಟು.

ಚಲಿಸುವ ಚಿತ್ರದ ಮಾತು ಇದಕ್ಕಿಂತ ಬಹು ದೂರದ್ದಲ್ಲ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದ ದಾದಾಸಾಹೇಬ್ ಫಾಲ್ಕೆಯವರು, ಹಣ ಹೂಡುವವರನ್ನು ಒಪ್ಪಿಸಲೆಂದು ಅದಕ್ಕೆ ಮುನ್ನ 1912ರಲ್ಲಿ ಚಿತ್ರಿಸಿದ್ದು ಕುಂಡದಲ್ಲಿ ಬಿತ್ತಿದ ಬಟಾಣಿ ಕಾಳನ್ನು. ದಿನದಿನವೂ ಬಿಡದೆ ಚಿತ್ರಿಸುತ್ತ ಹೋಗಿ, ಒಂದು ತಿಂಗಳಿಗೂ ಮಿಕ್ಕಿದ ಬೆಳವಣಿಗೆಯನ್ನು ಅಲ್ಪಕಾಲದಲ್ಲಿ ಕಣ್ಣಿಗೆ ಕಟ್ಟಿಸಿದರು. 1915ರಲ್ಲಿ ಬೆಂಕಿಕಡ್ಡಿಗಳನ್ನೇ ಕುಣಿಸಿದರು. ಕಡ್ಡಿಯನ್ನು ತುಸುವೇ ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು, ವಿಧಾನ ಇಷ್ಟೇ. ಸೆಕೆಂಡಿಗೆ 12 ಚಿತ್ರಗಳಂತೆ ಲೆಕ್ಕ ಹಿಡಿದರೂ ಒಂದು ನಿಮಿಷದ ಆಟಕ್ಕೆ 720 ಚಿತ್ರಗಳು ಬೇಕು. ನಡುವೆ ಯಾರಾದರೂ ಮೇಜಿಗೆ ಮೊಣಕೈ ತಾಗಿಸಿದರೆ ಶ್ರಮವೆಲ್ಲ ವ್ಯರ್ಥ. ನಾಲ್ವರು ಹುಡುಗರು ಜಗಳವಾಡದೆ ಒಂದು ಮಧ್ಯಾಹ್ನ ಕಳೆಯುವುದನ್ನು ಕಲಿಸುವ ಪಾಠಗಳು ಶಾಲೆಯಲ್ಲಿ ಹೆಚ್ಚೇನೂ ಇಲ್ಲ.

ಮನೆಮನೆಯಲ್ಲೂ ಮೊಬೈಲಿನ ಕ್ಯಾಮರಾ ಇರುವಾಗ ಡಬ್ಬಿಯೇಕೆಂದು ಕೇಳುವವರುಂಟು. ಪ್ರಶ್ನೆ ಅಸಂಗತವಲ್ಲ. ಕಡ್ಡಿಗಳ ಕುಣಿತಕ್ಕೆ ಮೊಬೈಲೇ ಅನುಕೂಲ. ಅದು ಅಲುಗದಂತೆ ಒಂದು ಮರದ ಚೌಕಟ್ಟು ಮಾಡಿಸಿದರಾಯಿತು. ಆದರೆ ಬೆರಳು ಮುಟ್ಟಿದೊಡನೆ ಚಿತ್ರ ಕೊಡುವ ಯಂತ್ರವು ಅದು ಹೇಗಾಯಿತೆಂಬುದನ್ನು ತನ್ನೊಳಗೇ ಬಚ್ಚಿಟ್ಟುಕೊಳ್ಳುತ್ತದೆ. ಆದುದರಿಂದ ಡಬ್ಬಿ ಮೊದಲು, ಮೊಬೈಲು ಅನಂತರ ಎಂಬ ಕ್ರಮವೇ ಯುಕ್ತ. ಛಾಯಾಚಿತ್ರದ ಕಾಗದ ದೊರೆಯದಿದ್ದಲ್ಲಿ ಎಣ್ಣೆ ಸವರಿದ ಕಾಗದದ ಪರದೆಯ ಮೇಲೆ ಬಿಂಬವನ್ನಾದರೂ ಕಾಣಬಹುದು.

ನಿಜವಾದ ಅಡ್ಡಿ ಬೇರೆಡೆಯಿದೆ. ವಿಜ್ಞಾನ ಪ್ರದರ್ಶನಗಳಲ್ಲಿ ಅಂಗಡಿಯಿಂದ ಕೊಂಡುತಂದ ಹೊಳಪಿನ ಮಾದರಿಗೆ ಬಹುಮಾನ ಸಲ್ಲುವುದುಂಟು. ಮಸುಕು ಚಿತ್ರವೊಂದನ್ನು ಹಿಡಿದು ನಿಂತ ಹುಡುಗಿಯನ್ನು ತೀರ್ಪುಗಾರರು ಪ್ರಶ್ನಿಸುವುದೂ ಇಲ್ಲ. ಪಾಲಕರು ಅಂಕಗಳ ಲೆಕ್ಕ ಕೇಳುತ್ತಾರೆ. ದಾನಿಗಳ ಔದಾರ್ಯದಿಂದ ಗಣಕಯಂತ್ರಗಳ ಕೊಠಡಿಗಳು ಎದ್ದಿರುವುದು ಸ್ತುತ್ಯವೇ ಸರಿ. ಆದರೆ ಕತ್ತಲೆಯ ಕೋಣೆಯೊಂದಕ್ಕೆ ಅಮೃತಶಿಲೆಯ ಫಲಕ ಬರೆಸಿದ ದಾನಿ ಅಪರೂಪ. ಕತ್ತಲೆಯಲ್ಲಿ ಫಲಕ ಕಾಣಿಸದೆಂಬ ಕಾರಣವೂ ಇದ್ದೀತು! ಬೇಕಾದದ್ದು ಉಗ್ರಾಣದ ಒಂದು ಮೂಲೆ, ಕಿಟಕಿಗೆ ಕಪ್ಪುಬಟ್ಟೆ, ಒಂದು ಕೆಂಪು ಬಲ್ಬು, ಮೂರು ಬೋಗುಣಿ ಮತ್ತು ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಅವಧಿ. ಬಟ್ಟೆ, ಬಲ್ಬು, ಬೋಗುಣಿಗಳನ್ನು ದಾನಿಗಳು ಒದಗಿಸಬಲ್ಲರು. ಆ ಎರಡು ಅವಧಿಗಳನ್ನು ಮುಖ್ಯೋಪಾಧ್ಯಾಯರೇ ಕೊಡಬೇಕು.